ಗಂಟಲಿನ ಅಳತೆ

"ಒಂದು ಕೂದಲಿನಷ್ಟು ಗಿಡ್ಡ ಕೊರೆದುಬಿಡು, ಲೋರ್ನಾ. ಮಿಕ್ಕಿದ್ದನ್ನ ತೋಟಾದ ಮದ್ದು ನೋಡ್ಕೊಳ್ಳುತ್ತೆ."

ಲೈಲ್ ಟ್ವೈಟ್ ಇದನ್ನು ಪಿಸುಗುಟ್ಟಲಿಲ್ಲ. ಅತ್ತಿಗೆಯ ಬಂದೂಕು ವರ್ಕ್‌ಶಾಪಿನ ಬಾಗಿಲು ತೆರೆದೇ ಇತ್ತು. ಹೊರಗೆ ದನ ತುಂಬಿದ ಲಾರಿಗಳು ಓಡಾಡುತ್ತಿದ್ದವು. ಯಾರು ಕೇಳಿಸಿಕೊಂಡರೂ ಅವನಿಗೆ ಚಿಂತೆಯಿರಲಿಲ್ಲ.

ಲೋರ್ನಾ ನಳಿಗೆ ಕೊರೆಯುವ ಲೇತ್ ಯಂತ್ರ ನಿಲ್ಲಿಸಿದಳು. "ನನ್ನ ಕೈಯಿಂದ ಕೆಟ್ಟ ನಳಿಗೆ ಹೊರಗೆ ಹೋಗಲ್ಲ."

"ಅದು ಡ್ವೇನ್ ಹ್ಯಾಕೆಟ್‌ನ ನಳಿಗೆ ಕಣೇ! ನಿನ್ನ ಗಂಡನ್ನ ಕೊಂದವನದು!"

"ಯಾರದಾದ್ರೇನು," ಎಂದು ಆಕೆ ಮತ್ತೆ ಲೇತ್ ಚಾಲೂ ಮಾಡಿದಳು.

ಎಂಟು ವರ್ಷದ ಹಿಂದೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಋತುವಿನಲ್ಲಿ, ಲೈಲ್‌ನ ಅಣ್ಣ ವರ್ನ್ ಪೈನ್ ಮರಗಳ ಕೆಳಗೆ ಹೆಣವಾಗಿ ಸಿಕ್ಕಿದ್ದ. ಹಿಂದಿನ ದಿನವಷ್ಟೇ ಅವನು ತನ್ನ ಹುಲ್ಲುಗಾವಲಿನ ಗೇಟಿಗೆ ಬೀಗ ಜಡಿದು, ಡ್ವೇನ್ ಕರೆತಂದ ಬೇಟೆಗಾರರನ್ನು ಹಿಂದಕ್ಕೆ ಅಟ್ಟಿದ್ದ. "ಈ ಬೀಗಕ್ಕೆ ಬೆಲೆ ತೆರ್ತೀಯ" ಎಂದು ಡ್ವೇನ್ ಕೂಗಾಡಿದ್ದನ್ನು ಅರ್ಧ ಕಣಿವೆ ಕೇಳಿತ್ತು.

ಆದರೆ ವರ್ನ್‌ನ ಎದೆಯಿಂದ ತೆಗೆದದ್ದು ಉದ್ದನೆಯ, ಭಾರದ ಗುಂಡು. ಆಗ ಪೊಲೀಸ್ ಮುಖ್ಯಸ್ಥನಾಗಿದ್ದ ಷೆರಿಫ್ ಡ್ವೇನ್‌ನ ರೈಫಲ್ ತರಿಸಿ, ಅಂಥದೇ ಗುಂಡಿನ ತೋಟಾ ತುಂಬಲು ನೋಡಿದ. ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ಮುಚ್ಚಲೇ ಇಲ್ಲ. ತೋಟಾ ಕೂರುವ ಗೂಡಿಗೂ ಗುಂಡನ್ನು ತಿರುಗಿಸುವ ನಳಿಗೆಯ ಒಳಗೀರುಗಳಿಗೂ ನಡುವೆ ಒಂದು ನುಣುಪಾದ ಜಾಗವಿರುತ್ತದೆ. ಕಸುಬಿನವರು ಅದನ್ನು ಗಂಟಲು ಎನ್ನುತ್ತಾರೆ. ಡ್ವೇನ್‌ನ ರೈಫಲ್ಲಿಗಿದ್ದದ್ದು ಗಿಡ್ಡ ಗಂಟಲು. ಉದ್ದ ಗುಂಡು ಅದರಲ್ಲಿ ಹಿಡಿಸುವುದಿಲ್ಲ. ಷೆರಿಫ್ ಅಷ್ಟಕ್ಕೇ ತೃಪ್ತನಾಗಿ ರೈಫಲ್ಲನ್ನು ಹಿಂದಿರುಗಿಸಿದ. ಯಾರೋ ಪರವೂರಿನ ಬೇಟೆಗಾರನ ಗುಂಡು ದಾರಿ ತಪ್ಪಿತು ಎಂದು ಕೇಸು ಮುಗಿಯಿತು.

ಈ ವಸಂತದಲ್ಲಿ, ಚರ್ಚಿನ ಕಾಫಿ ಮೇಜಿನ ಬಳಿ, ಎಲ್ಲರೆದುರಿಗೆ ಲೋರ್ನಾ ಹೇಳಿದಳು: "ದ್ವೇಷ ಸಾಕಾಯ್ತು, ಡ್ವೇನ್. ಬಾ, ನಿನಗೊಂದು ರೈಫಲ್ ಮಾಡಿಕೊಡ್ತೀನಿ."

ಲೈಲ್‌ನ ಕೈಯಲ್ಲಿದ್ದ ಕಾಫಿ ಚೆಲ್ಲಿತು. ಲೋರ್ನಾಳ ಕೈಕೆಲಸಕ್ಕೆ ದೂರದೂರದ ಗುರಿಕಾರರು ವರ್ಷಗಟ್ಟಲೆ ಕಾಯುತ್ತಿದ್ದರು. ಅಂಥದ್ದನ್ನು ತಾನಾಗಿ ಕೊಡುತ್ತೇನೆಂದರೆ ಡ್ವೇನ್ ಬಿಟ್ಟಾನೆಯೇ? ಮರುದಿನವೇ ಬಂದ. ಲೈಲ್ ಮೂಲೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದ.

"ಕಯೋಟಿ ನರಿಗೆ ಹಗುರದ್ದು, ಎಲ್ಕ್‌ಗೆ ಭಾರದ್ದು. ಎರಡೂ ಗುಂಡು ಹೊಡೀಬೇಕು," ಎಂದ ಡ್ವೇನ್.

"ಒಂದೇ ಗಂಟಲಲ್ಲಿ ಎರಡಕ್ಕೂ ನ್ಯಾಯ ಸಿಗಲ್ಲ. ಉದ್ದ ಕೊರೆದ್ರೆ ಗಿಡ್ಡ ಗುಂಡು ಗೀರಿಗೆ ಹತ್ತೋ ಮೊದ್ಲು ಹಾರುತ್ತೆ, ಗುರಿ ಅಲ್ಲಾಡುತ್ತೆ. ಗಿಡ್ಡ ಕೊರೆದ್ರೆ ಉದ್ದದ್ದು ಹೋಗಿ ಗೀರಿಗೆ ಸಿಕ್ಕಿಕೊಳ್ಳುತ್ತೆ, ಒತ್ತಡಕ್ಕೆ ನಳಿಗೆ ಸಿಡಿದ್ರೂ ಸಿಡೀಬಹುದು. ಯಾವುದು ಬೇಕೋ ಹೇಳು."

"ಹಾಗಾದ್ರೆ ಉದ್ದದ್ದೇ. ವಯಸ್ಸಾಯ್ತು, ಇನ್ನು ಬರೀ ಎಲ್ಕ್."

"ಹಳೇದು ಗಿಡ್ಡದ್ದಿತ್ತಲ್ಲ?"

"ಹುಟ್ಟಿದಾಗಿಂದ ಗಿಡ್ಡದ್ದೇ," ಡ್ವೇನ್ ನಕ್ಕು ಲೈಲ್ ಕಡೆ ಕಣ್ಣು ಹಾಯಿಸಿದ. "ಇಡೀ ಕೌಂಟಿಗೆ ಗೊತ್ತು. ಏನಪ್ಪಾ ಲೈಲ್?"

ಲೈಲ್ ಎದ್ದು ನಿಂತ. ಲೋರ್ನಾ ಅವನ ಎದೆಗೆ ಕೈ ಅಡ್ಡ ಕೊಟ್ಟು ಕೂರಿಸಿದಳು.

"ಹಳೇ ರೈಫಲ್ ಬಿಟ್ಟು ಹೋಗು," ಎಂದಳು ಡ್ವೇನ್‌ಗೆ. "ಅದರ ಬೋಲ್ಟು ಬೆಣ್ಣೆ ಥರ ಓಡುತ್ತೆ. ಅದಕ್ಕೇ ಹೊಸ ನಳಿಗೆ ಕೂರಿಸ್ತೀನಿ."

ಡ್ವೇನ್ ಒಂದು ಗಳಿಗೆ ತಡೆದ. "ಬಿಚ್ಚಿದ ನಳಿಗೆ?"

"ತಗೊಂಡು ಹೋಗ್ತೀಯಾ?"

ಅವನು ಆಕೆಯ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ. "ತುಕ್ಕು ಹಿಡಿದ ಕಬ್ಬಿಣ. ಗುಜರಿಗೆ ಹಾಕು."

ಬೇಸಿಗೆಯುದ್ದಕ್ಕೂ ಆಕೆ ದುಡಿದಳು. ಡ್ವೇನ್ ಆರಿಸಿದ ಗುಂಡನ್ನು ಖಾಲಿ ತೋಟಾದಲ್ಲಿ ಕೂರಿಸಿ, ಅದಕ್ಕೆ ಹೊಂದುವ ಹಾಗೆ ಗಂಟಲನ್ನು ಎಳೆ ಎಳೆಯಾಗಿ ಕೊರೆದಳು. ಕೊರೆಯುವುದು, ಒರೆಸುವುದು, ಅಳೆಯುವುದು, ಮತ್ತೆ ಕೊರೆಯುವುದು. ಲೈಲ್ ಬೇಡಿಕೊಂಡ, ಬೈದ, ಕೊನೆಗೆ ಮಾತು ಬಿಟ್ಟ. ತನ್ನ ಗಂಡನ ಕೋಟಿಗೂ ಇಷ್ಟು ಅಕ್ಕರೆಯಿಂದ ಗುಂಡಿ ಹೊಲಿದವಳಲ್ಲ ಎಂದುಕೊಂಡ.

ಗುರಿ ಪರೀಕ್ಷೆಯ ಬೆಳಿಗ್ಗೆ ಅವನೂ ಬಯಲಿಗೆ ಹೋದ. ಪಿಕಪ್ಪಿನ ಸೀಟಿನ ಹಿಂದೆ ಅವನದೇ ರೈಫಲ್ ಇತ್ತು, ತೋಟಾ ತುಂಬಿ. ಅತ್ತಿಗೆಯಿಂದ ಆಗದ್ದನ್ನು ತಮ್ಮ ಮಾಡಿ ಮುಗಿಸುತ್ತಾನೆ.

ಡ್ವೇನ್ ಮೂರು ಗುಂಡು ಹೊಡೆದ. ದೂರದ ಹಲಗೆಯಲ್ಲಿ ಮೂರಕ್ಕೂ ಸೇರಿ ಒಂದೇ ತೂತು. ಅವನು ಕುಣಿದು ಬಂದು ಲೋರ್ನಾಳನ್ನು ತಬ್ಬಿಕೊಂಡ. ಆಕೆ ತಬ್ಬಿಸಿಕೊಂಡಳು.

ಲೈಲ್ ಪಿಕಪ್ಪಿನ ಬಾಗಿಲಿಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡ, ಲೈಲ್." ಲೋರ್ನಾ ಅವನ ಹಿಂದೆಯೇ ಬಂದು ನಿಂತಿದ್ದಳು. "ಷೆರಿಫ್‌ಗೆ ಫೋನ್ ಮಾಡಿದ್ದೀನಿ."

"ನನ್ನನ್ನ ಹಿಡಿಸೋಕೆ? ಅವನಿಗೋಸ್ಕರ?"

ಉತ್ತರ ಬರುವ ಮೊದಲೇ ದೂಳೆಬ್ಬಿಸಿಕೊಂಡು ಎರಡು ಕಾರು ಬಂದು ನಿಂತವು. ಹೊಸ ಷೆರಿಫ್ ಮಾರ್ಲಾ ಆಸ್ಟ್‌ಬಿ ಇಳಿದಳು. ಲೈಲ್ ಎರಡೂ ಕೈ ಮುಂದೆ ಚಾಚಿದ, ಬೇಡಿ ಹಾಕಿಸಿಕೊಳ್ಳುವುದಕ್ಕೆ.

ಷೆರಿಫ್ ಅವನನ್ನು ದಾಟಿ ಮುಂದೆ ಹೋದಳು.

"ಡ್ವೇನ್ ಹ್ಯಾಕೆಟ್, ರೈಫಲ್ ಕೆಳಗಿಡು. ವರ್ನ್ ಟ್ವೈಟ್ ಎದೆಯಲ್ಲಿದ್ದ ಗುಂಡಿನ ಮೇಲಿನ ಗೀರಿಗೂ ಲೋರ್ನಾ ತಂದುಕೊಟ್ಟ ನಿನ್ನ ಹಳೇ ನಳಿಗೆಯ ಗೀರಿಗೂ ತಾಳೆಯಾಗಿದೆ."

"ಹುಚ್ಚಾ ನಿಮಗೆ? ಅದು ಗಿಡ್ಡ ಗಂಟಲು!"

"ಕೊಂದ ಮೇಲೆ ಮಾಡಿಸಿದ್ದು," ಎಂದಳು ಲೋರ್ನಾ. "ಹಿಂದಿನ ತುದಿ ಕತ್ತರಿಸಿ ಹೊಸದಾಗಿ ಗೂಡು ಕೊರೆಸಿದ್ದೀಯ. ಅಲ್ಲಿರೋ ತಿರುಪಿನ ಸುತ್ತು ಕಾರ್ಖಾನೆಯದಲ್ಲ. ನಳಿಗೆ ಬಿಚ್ಚೋವರೆಗೂ ಅದು ಯಾರ ಕಣ್ಣಿಗೂ ಬೀಳಲ್ಲ."

ಡ್ವೇನ್‌ನ ಕೈಗೆ ಬೇಡಿ ಬಿತ್ತು. ಲೈಲ್ ಅತ್ತಿಗೆಯ ಕಡೆ ತಿರುಗಿದ.

"ಹೊಸದು ಕೊಡ್ತೀನಿ ಅನ್ನದೆ ಹಳೇದು ಬಿಚ್ಚೋಕೆ ಬಿಡ್ತಿದ್ನೇನೋ?" ಎಂದಳು ಲೋರ್ನಾ.