ಕುರ್ಚಿಗೊಂದು ಬೀಗ

“ಕುರ್ಚಿ ಚೆನ್ನಾಗಿದೆ ಮೇಸ್ತ್ರಿ, ಬೀಗ ಮಾತ್ರ ದಂಡ,” ಎಂದ ಬಟ್ಟೆ ಅಂಗಡಿಯ ಮಾಲೀಕ, ಬಡಗಿ ಹೆಗಲ ಚೀಲ ಇಳಿಸುವ ಮುಂಚೆಯೇ. “ಒಂದು ಕೌಂಟರಿನಲ್ಲಿ ಹೇರ್‌ಪಿನ್ ತೂರಿಸಿ ತೆಗೀತಿದ್ದಾರೆ. ಯಾರು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?”

ಬಡಗಿಗೆ ತಲೆಬುಡ ಅರ್ಥವಾಗಲಿಲ್ಲ. “ತೆಗೆದು ಕೂರೋಕೇ ಅಲ್ವಾ ಸಾರ್ ಮಾಡಿರೋದು?”

“ಇನ್ಸ್‌ಪೆಕ್ಟರ್ ಬಂದಾಗ ಕೂರೋಕೆ.” ಮಾಲೀಕ ಸೊಂಟದ ಬೀಗದಕೈ ಗೊಂಚಲನ್ನು ತಟ್ಟಿಕೊಂಡ. “ದಿನಾ ಕೂತ್ಕೊಂಡು ಬಟ್ಟೆ ತೋರಿಸಿದ್ರೆ ಗಿರಾಕಿ ಒಳಗೆ ಬರ್ತಾರೇನಪ್ಪಾ? ನಿನ್ನ ಮನೆಯೋಳು ಅಂತ ಸುಮ್ನಿದ್ದೀನಿ. ಇನ್ನೊಬ್ಬಳಾಗಿದ್ರೆ ಇಷ್ಟು ಹೊತ್ತಿಗೆ ಬೀದೀಲಿ ಇರ್ತಿದ್ಲು. ಗಟ್ಟಿ ಬೀಗ ಹಾಕು, ಮುಗೀತು.”

ಮಾರಾಟದ ಹೆಂಗಸರಿಗೆ ಕೂರಲು ಆಸನ ಕೊಡಲೇಬೇಕು ಎಂದು ಹೊಸ ಕಾನೂನು ಬಂದಾಗ, ಈ ಕುರ್ಚಿ ಕೆಲಸವನ್ನು ಬಡಗಿಗೆ ಹುಡುಕಿ ತಂದವಳು ಇದೇ ಅಂಗಡಿಯಲ್ಲಿ ಮಾರಾಟಕ್ಕಿದ್ದ ಅವನ ಹೆಂಡತಿಯೇ. ಕೌಂಟರಿಗೂ ಹಿಂದಿನ ಕಪಾಟಿಗೂ ನಡುವೆ ಇದ್ದದ್ದು ಒಬ್ಬರು ಅಡ್ಡಡ್ಡ ತೂರಿಕೊಂಡು ಹೋಗುವಷ್ಟು ಜಾಗ. ಅಲ್ಲಿ ಕುರ್ಚಿ ಹೇಗೆ ಹಿಡಿಸುವುದು ಎಂದು ಅವನು ಊಟ ತಿಂಡಿ ಮರೆತು ತಲೆ ಕೆಡಿಸಿಕೊಂಡಿದ್ದ. ಹೆಂಡತಿಯನ್ನು ಮನೆಯ ಟ್ರಂಕಿನ ಮೇಲೆ ಕೂರಿಸಿ ಮಂಡಿಯಿಂದ ಹಿಮ್ಮಡಿಯವರೆಗೆ ಅಳತೆ ತೆಗೆದಿದ್ದ. ಕೊನೆಗೆ ಆದದ್ದು ಒಂದೇ ಕಾಲಿನ, ಕೌಂಟರಿನ ಒಳಮೈಗೆ ಅಂಟಿಕೊಂಡ ಮಡಚು ಕುರ್ಚಿ. ಮಡಚಿದರೆ ಬರೀ ಹಲಗೆ, ಕುರ್ಚಿ ಇದೆ ಎಂದು ಹೇಳಿದರೂ ನಂಬುವಂತಿರಲಿಲ್ಲ. ಗಿರಾಕಿಗಳ ಮಕ್ಕಳು ಬೆರಳು ಸಿಕ್ಕಿಸಿಕೊಂಡಾರು, ಒಂದು ಸಣ್ಣ ಬೀಗವೂ ಇರಲಿ ಎಂದು ಮಾಲೀಕ ಅಂದಾಗ, ಛೇ, ನನಗೇಕೆ ಇದು ಹೊಳೆಯಲಿಲ್ಲ ಎಂದು ನಾಚಿಕೊಂಡು ಪ್ರತಿ ಕುರ್ಚಿಗೂ ಬೀಗ ಕೂರಿಸಿಕೊಟ್ಟಿದ್ದ. ಪೆದ್ದರಿಗೆ ಕೊಂಬಿರುತ್ತದೆಯೇ?

ಹೆಂಡತಿ ಕೌಂಟರಿನ ಹಿಂದೆ ನಿಂತು, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಹೊಟ್ಟೆ ಎದ್ದು ಕಾಣುತ್ತಿತ್ತು. ಹಿಂದಿನ ಸಲದ ಕೂಸು ಹೀಗೆ ನಿಂತು ನಿಂತೇ ಜಾರಿಹೋಗಿತ್ತು. ಈ ಸಲವೂ ನಿಂತರೆ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಗದರಿಸಿಯೇ ಕಳಿಸಿದ್ದರು. ದಿನಾ ಸಂಜೆ ಅವನು ಕೇಳುತ್ತಿದ್ದ, ಇವತ್ತು ಕೂತ್ಕೊಂಡ್ಯಾ ಎಂದು. ಹೂಂ, ರಾಣಿ ಹಾಗೆ ಕೂತಿದ್ದೆ ಎನ್ನುತ್ತಿದ್ದಳು ಅವಳು. ಅದನ್ನು ಕೇಳಿ ಎದೆಯುಬ್ಬಿಸಿಕೊಂಡು ಮಲಗುತ್ತಿದ್ದ ಮಹಾರಾಯ.

ಬಡಗಿ ಕೌಂಟರಿನ ಹಿಂದೆ ತೂರಿಕೊಂಡು ಕುಕ್ಕರುಗಾಲಲ್ಲಿ ಕೂತ. “ನನಗೆ ಹೇಳಲೇ ಇಲ್ವಲ್ಲೇ,” ಎಂದ ಮೆಲ್ಲಗೆ.

“ಏನಂತ ಹೇಳಲಿ? ನೀವು ಅಷ್ಟೊಂದು ಖುಷಿಯಾಗಿದ್ರಿ.” ಅವಳು ಕೆಳಗೆ ನೋಡಲಿಲ್ಲ. “ಸುಮ್ನೆ ಬೀಗ ಹಾಕಿಬಿಡಿ ರೀ. ಇವರು ಕೆಲಸದಿಂದ ಬಿಡಿಸಿದ್ರೆ ಈ ಹೊಟ್ಟೆ ಹೊತ್ಕೊಂಡು ಹೋದವಳಿಗೆ ಯಾರು ಕೆಲಸ ಕೊಡ್ತಾರೆ?”

ಅವಳ ಪಾದಗಳು ಅವನ ಕಣ್ಣೆದುರಿಗೇ ಇದ್ದವು. ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದುಹೋಗಿತ್ತು. ಮನೆಯಲ್ಲಿ ಅವಳು ಕಾಲು ಮುಚ್ಚಿಕೊಂಡೇ ಕೂರುತ್ತಿದ್ದುದು ಈಗ ನೆನಪಾಯಿತು. ಅವನಿಗೆ ಮಾಲೀಕನ ಮೇಲಿನ ಸಿಟ್ಟಿಗಿಂತ ತನ್ನ ಕೈಗಳ ಮೇಲೇ ಹೆಚ್ಚು ಸಿಟ್ಟು ಬಂತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: “ಸಾರ್, ಕುರ್ಚಿ ಮೇಲೆ ಯಾರಾದ್ರೂ ಕೂತು ಭಾರ ಬಿಡ್ಬೇಕು. ಇಲ್ಲಾಂದ್ರೆ ಹೊಸ ಬೀಗದ ಅಳತೆ ಸಿಗಲ್ಲ.”

ಅಪ್ಪಟ ಸುಳ್ಳು. ಆ ಬೀಗದ ಅಳತೆ ತೆಗೆಯುವುದು ಕುರ್ಚಿ ಮಡಚಿದ್ದಾಗ.

“ಹಾಗಾದ್ರೆ ನೀನೇ ಕೂರಮ್ಮ,” ಎಂದ ಮಾಲೀಕ ಗಲ್ಲಾದ ಕಡೆಯಿಂದ. “ಬೇಗ ಬೇಗ ಆಗ್ಲಿ.”

ಬಡಗಿ ಕುರ್ಚಿ ಬಿಚ್ಚಿ, ಅದರ ಬಳಿ ಮತ್ತೆ ಕುಕ್ಕರಿಸಿದ. ಅವಳು ಕೂತಳು. ಕೂತೊಡನೆ ಅವಳ ಬಾಯಿಂದ ಹೊರಟ ಉಸಿರು ಬಡಗಿಯ ನೆತ್ತಿಗೆ ತಾಗಿತು. ಅವನು ಒಂದು ಸ್ಕ್ರೂ ಬಿಗಿ ಮಾಡಿದ, ಸಡಿಲ ಮಾಡಿದ, ಮತ್ತೆ ಅದನ್ನೇ ಬಿಗಿ ಮಾಡಿದ. ಅವಳು ಅವನ ಹೆಗಲ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಅವನು ಚಪ್ಪಲಿಯಿಂದ ಅವಳ ಕಾಲು ಬಿಡಿಸಿಕೊಟ್ಟ. “ಇನ್ನೂ ಆಗ್ಲಿಲ್ವೇನಪ್ಪಾ?” ಎಂದು ಮಾಲೀಕ ಕೂಗಿದಾಗ, “ಮರ ಗಟ್ಟಿ ಸಾರ್,” ಎಂದ. ಎರಡನೆಯ ಸಲ ಕೂಗಿದಾಗಲೂ ತಪ್ಪನ್ನು ಮರದ ಮೇಲೇ ಹಾಕಿದ. ಮೂರನೆಯ ಸಲ ಮಾಲೀಕ ಕೂಗಲಿಲ್ಲ, ಎದ್ದೇ ಬಂದ.

ಹೆಂಡತಿ ತಾನಾಗಿಯೇ ಎದ್ದು ನಿಂತಳು. ಬಡಗಿ ಕುರ್ಚಿ ಮಡಚಿ, ಚೀಲದಲ್ಲಿದ್ದ ಹೊಸ ಬೀಗವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೂರಿಸಿದ. “ಆ ಪಿನ್ ಕೊಡಮ್ಮ ಇಲ್ಲಿ,” ಎಂದು ಮಾಲೀಕ ಕೈ ಚಾಚಿದ. ಅವಳು ತುರುಬಿನಿಂದ ತೆಗೆದು ಕೊಟ್ಟಳು. ಮಾಲೀಕ ಬಗ್ಗಿ ಅದನ್ನು ಬೀಗಕ್ಕೆ ತೂರಿಸಿ ಅತ್ತ ಇತ್ತ ತಿರುವಿ ನೋಡಿದ. ಬೀಗ ಜಪ್ಪಯ್ಯ ಅನ್ನಲಿಲ್ಲ. “ಕೈಕೆಲಸ ಅಂದ್ರೆ ಹೀಗಿರಬೇಕು,” ಎಂದು ಬಡಗಿಯ ಬೆನ್ನು ತಟ್ಟಿ, ಬೀಗದಕೈಯನ್ನು ಗೊಂಚಲಿಗೆ ಸೇರಿಸಿಕೊಂಡು ಹೋದ.

ಬಡಗಿ ತಲೆ ಎತ್ತದೆ ಉಪಕರಣಗಳನ್ನು ಚೀಲಕ್ಕೆ ತುಂಬಿದ. ಪಕ್ಕದ ಕೌಂಟರಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಾ ನಿಂತಿದ್ದಳು. ಗಲ್ಲಾದ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಬಟ್ಟೆ ಮಡಚುತ್ತಲೇ ಪಿಸುಗುಟ್ಟಿದಳು:

“ಅಣ್ಣಾ, ನನ್ನ ಕುರ್ಚಿ ಬೀಗಾನೂ ಸಡಿಲ ಆಗಿದೆ. ನಿಧಾನವಾಗಿ ನೋಡ್ತೀರಾ?”