ನಾಲ್ಕನೇ ವರ್ಷನ್

ಹಳೆಯ ವಿಡಿಯೋ ಗೇಮುಗಳ ವಿಷಯದಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಬೀಗುತ್ತಿದ್ದ ಪ್ರಹ್ಲಾದ, ಮನೆಗೆ ಬಂದ ಅಕ್ಕನಿಗೆ ಕಾಫಿಯನ್ನೂ ಕೊಡದೆ ಕಂಪ್ಯೂಟರಿನ ಮುಂದೆ ಕೂರಿಸಿದ. ಚಿಕ್ಕಂದಿನಲ್ಲಿ ಇಬ್ಬರೂ ಟಿವಿಗೆ ಗೇಮ್ ಡಬ್ಬಿ ಜೋಡಿಸಿ, ಡಿಸ್ಕ್ ಹಾಕಿಕೊಂಡು ಆಡುತ್ತಿದ್ದ ಕಾರ್ ರೇಸ್ ಅಲ್ಲಿ ಓಡುತ್ತಿತ್ತು.

"ಇದು ಜಪಾನಿನ ವರ್ಷನ್. ಅಮೆರಿಕದ್ದೂ ಇದೆ, ಯುರೋಪಿಂದೂ ಇದೆ. ಡಿಸ್ಕಿನ ನಕಲು ಅಂದ್ರೆ ಎರಡು ಫೈಲು, ಅಕ್ಕ. ಬಿನ್ ಫೈಲಲ್ಲಿ ಆಟ, ಮ್ಯೂಸಿಕ್ ಎಲ್ಲ ಇರತ್ತೆ. ಯಾವುದು ಎಲ್ಲಿ ಶುರು ಅಂತ ಕ್ಯೂ ಫೈಲ್ ಹೇಳತ್ತೆ. ಎರಡೂ ಸರಿಯಾಗೇ ಇವೆ. ಆದ್ರೂ ನಮ್ಮ ಆ ಮ್ಯೂಸಿಕ್ ಮೂರರಲ್ಲೂ ಇಲ್ಲ!"

"ಯಾವುದೋ ಅದು?"

ಅವನು ಕಣ್ಣು ಮುಚ್ಚಿ ಗುನುಗಿದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಮ್ಮ ಹತ್ರ ಇದ್ದದ್ದು ಯಾರಿಗೂ ಗೊತ್ತಿಲ್ದಿರೋ ನಾಲ್ಕನೇ ವರ್ಷನ್. ಇಂಟರ್‌ನೆಟ್ಟಲ್ಲಿ ಉದ್ದ ಲೇಖನಾನೇ ಬರ್ದಿದೀನಿ. ಜಪಾನಿನವರೂ ಹುಡುಕ್ತಿದಾರೆ," ಎಂದು ಅವನು ಎದೆಯುಬ್ಬಿಸಿದ.

"ಅಯ್ಯೋ ಪೆದ್ದು ಮುಂಡೇದೆ! ಅಂಗಡಿಯವನು ಕೊಟ್ಟ ಕಳ್ಳ ಡಿಸ್ಕಲ್ಲಿ ಮ್ಯೂಸಿಕ್ಕೇ ಇರ್ಲಿಲ್ಲ ಕಣೋ. ನೀನು ಬೇಕೇ ಬೇಕು ಅಂತ ರಚ್ಚೆ ಹಿಡೀತಿದ್ದೆ, ಪಕ್ಕದಲ್ಲಿ ಕೂತು ನಾನೇ ಗುನುಗ್ತಿದ್ದೆ."