ಹಡ್ಲಿನ ಒಡ್ಡು

"ಪಕ್ಕಕ್ಕೋಗಿ ಮೇಡಂ, ಇಲ್ದಿದ್ರೆ ನಿಮ್ಮನ್ನೂ ಸೇರ್ಸಿ ಸುಟ್ಬುಡ್ತೀನಿ!" ಶಾಂತರಾಜು ಉರಿಯುವ ಪಂಜನ್ನು ಎತ್ತಿ ಹಿಡಿದ. ತೊಂಬತ್ತಾರರ ಬೇಸಿಗೆ. ಮದ್ದೂರು ಕಾಡಿನ ಬೆಂಕಿ ಹಡ್ಲು ಎಂಬ ಜವುಗು ಬಯಲಿನ ಆಚೆ ದಡಕ್ಕೆ ಬಂದಿತ್ತು. ಈಚೆ ದಡದಲ್ಲಿ ಅವನು ಮೇಲ್ವಿಚಾರಕನಾಗಿದ್ದ ಕಂಪನಿಯ ನೀಲಗಿರಿ ತೋಪು. ನಡುವಿನ ಜವುಗು ಹುಲ್ಲಿಗೆ ತಾನೇ ಮೊದಲು ಎದುರು ಬೆಂಕಿ ಕೊಟ್ಟು ಸುಟ್ಟರೆ ಮಾತ್ರ ಕಾಡಿನ ಬೆಂಕಿಗೆ ದಾಟಲು ಏನೂ ಸಿಗದೆ ಮರಗಳು ಉಳಿದಾವು ಎಂಬುದು ಅವನ ಲೆಕ್ಕ.

"ಹಡ್ಲು ಉಳಿಸೋಕೆ ತಾನೇ ನಿಮ್ಮ ಕಂಪನಿ ನಮ್ಮ ಸಂಶೋಧನೆಗೆ ಕೈಜೋಡಿಸಿದ್ದು?" ಸಂಶೋಧಕಿ ಸುಮಯ್ಯ ಅಲುಗಲಿಲ್ಲ.

"ಕೈಜೋಡ್ಸಿದ್ದು ಕಂಪ್ನಿ, ನಾನಲ್ಲ!" ಅವನು ಪಂಜನ್ನು ಬೀಸಿ ಹುಲ್ಲಿನೊಳಕ್ಕೆ ಎಸೆದ. ಅದು ಚೊಂಯ್ ಎಂದು ಆರಿಹೋಯಿತು. ಒಣಗಿದಂತೆ ಕಂಡ ಹುಲ್ಲಿನ ಬುಡದಲ್ಲಿ ನೀರು! ಹಡ್ಲು ಒಣಗಲಿ, ಅಲ್ಲೂ ನೀಲಗಿರಿ ನೆಡೋಣವೆಂದು ಅವನು ಗುಟ್ಟಾಗಿ ನೀರು ಬಸಿದುಹೋಗುವ ಕಾಲುವೆ ತೋಡಿಸಿದ್ದ. ಓಡಿಹೋಗಿ ನೋಡಿದರೆ ಕಾಲುವೆಯ ಬಾಯಿಗೆ ಮರಳುಮೂಟೆಗಳ ಒಡ್ಡು.

"ಯಾರ್ನ ಕೇಳಿ ಕಟ್ಟುದ್ರಿ?" ಎಂದು ಕೂಗಿದ.

"ನೀವು ಯಾರನ್ನ ಕೇಳಿ ತೋಡಿಸಿದ್ರಿ?"

ಹಲ್ಲು ಕಡಿಯುತ್ತ ಅವನು ಮೇಲಿನ ಮೂಟೆಯನ್ನು ಕಿತ್ತೆತ್ತಿದ. ಅಷ್ಟರಲ್ಲಿ ಆಚೆ ದಡದ ಬೆಂಕಿ ಒದ್ದೆ ಹುಲ್ಲಿಗೆ ಇಳಿಯಿತು, ಹೊಗೆಯಾಡಿತು, ಹಾಗೇ ತಣ್ಣಗಾಯಿತು. ಅವನ ಒಂದೇ ಒಂದು ಮರವೂ ಕಪ್ಪಾಗಲಿಲ್ಲ. ಮೂಟೆ ಹಿಡಿದೇ ನಿಂತಿದ್ದ ಶಾಂತರಾಜು ಅದನ್ನು ಇದ್ದಲ್ಲೇ ಕುಕ್ಕಿದ. ಸಂದಿಗೆ ಕೆಸರು ಮೆತ್ತಿ ಬೂಟುಗಾಲಿನಿಂದ ತುಳಿದ.

"ಓದ್ಕಂಡವ್ರಂತೆ. ಒಂದ್ ಒಡ್ಡು ನೆಟ್ಟಗೆ ಕಟ್ಟಕ್ ಬರಲ್ಲ," ಅವಳತ್ತ ತಿರುಗದೆಯೇ ಗದರಿದ. "ಇನ್ನೊಂದ್ ಮೂಟೆ ತನ್ನಿ ಇತ್ಲಾಗೆ!"